ಎಣ್ಣೆ ಡಬ್ಬಿಯ ಚೆಂಡು ಹೂ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ತೊಟ್ಟಿಲಿಗೆ ಹಾಕಿದೆವು. ಈ ಬಿಸಿಲಲ್ಲೂ ತೊಟ್ಟಿಲ ತುಂಬ ನಮ್ಮ ಅಂಗಳದ್ದೇ ಹೂ: ಕೇಸರಿ ಚೆಂಡು ಹೂ, ಕಡುಗೆಂಪು ದಾಸವಾಳ. ಅವನ್ನು ಕಟ್ಟುವಾಗ, ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಾಹೇಬರು ನೆನಪಾಗಿ ನಗು ತಡೆಯಲಾಗಲಿಲ್ಲ.

ಅವರಿಗೆ ಜೋರು ಬಣ್ಣ ಆಗುತ್ತಿರಲಿಲ್ಲ. ನಾನು ಖಾಲಿ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿದ ಚೆಂಡು ಹೂ ಕಂಡರೆ ಮೂಗು ಮುರಿದು, "ಹೂವು ಡೀಸೆಂಟ್ ಇರಬೇಕ್ರೀ ಅಮ್ಮಾ" ಎನ್ನುತ್ತಿದ್ದರು. ತಾವು ತಿಳಿಬಣ್ಣದ ಗುಲಾಬಿ ತಂದು, ಮಟಮಟ ಮಧ್ಯಾಹ್ನ ಅದಕ್ಕೆ ಛತ್ರಿ ಹಿಡಿದು ನಿಲ್ಲುತ್ತಿದ್ದರು. ನೆರಳೆಲ್ಲ ಗಿಡಕ್ಕೆ, ಬಿಸಿಲೆಲ್ಲ ಅವರ ಬೋಳುತಲೆಗೆ. ಆದರೂ ಗುಲಾಬಿ ಸುಟ್ಟ ಹಪ್ಪಳವಾಯಿತು.

ಅಷ್ಟರಲ್ಲಿ ಅವರ ಮೇಲಧಿಕಾರಿ ತೋಟ ನೋಡಲಿಕ್ಕೆಂದೇ ಚಹಾಕ್ಕೆ ಬರುವುದಿತ್ತು. ಕಚೇರಿಯಲ್ಲಿ ಸಾಹೇಬರು ಅಷ್ಟು ಹೇಳಿಕೊಂಡಿದ್ದರು! ಅವತ್ತು ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ, "ಅಮ್ಮಾ, ನಿಮ್ಮ ಡಬ್ಬಿ ಕೊಡ್ರಿ, ನನ್ನ ಮರ್ಯಾದಿ ಪ್ರಶ್ನೆ ಐತಿ" ಎಂದರು. ಕೊಟ್ಟೆ. ಎಣ್ಣೆಯ ಹೆಸರು ಕಾಣದಂತೆ ಡಬ್ಬಿಗಳಿಗೆ ಇಸ್ತ್ರಿ ಮಾಡಿದ ಟವೆಲ್ ಸುತ್ತಿದರು.

ಬಂದವರು, "ಎಂಥಾ ಬಣ್ಣ ಆರಿಸೀರಿ!" ಎಂದು ಹೊಗಳಿದರು.

"ನಮ್ಮ ಬಿಸಿಲಿಗೆ ಜೋರ ಬಣ್ಣಾನ ಡೀಸೆಂಟ್ ರೀ ಸರ್" ಎಂದರು ಸಾಹೇಬರು, ಗೋಡೆಯಾಚೆ ನಿಂತಿದ್ದ ನನ್ನ ಕಡೆ ನೋಡದೆ.

ವರ್ಗವಾಗಿ ಹೋಗುವ ದಿನ ಮೆಲ್ಲಗೆ ಬೀಜವನ್ನೂ ಕೇಳಿ ಒಯ್ದರು.

ಇವತ್ತು ಸಂಜೆ ಮನೆಮಂದಿಯೆಲ್ಲ ಅಂಗಳದಲ್ಲಿ ಸಾಲಾಗಿ ಹೋಳಿಗೆ ಊಟಕ್ಕೆ ಕೂತಾಗ, ಕುಷ್ಟಗಿಯ ಬೀಗತಿ ತೊಟ್ಟಿಲು ನೋಡಿ, "ಬಣ್ಣ ಭಾಳ ಜೋರಾತಲ್ರಿ?" ಎಂದರು.

"ಡೀಸೆಂಟ್ ಐತ್ರೀ" ಎಂದು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ನಾನೂ ಊಟಕ್ಕೆ ಕೂತೆ.