ಹನ್ನೆರಡನೆಯವರು

ಇಪ್ಪತ್ತೈದು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ, ಮೊದಲು ಮೈಸೂರಿನಲ್ಲಿ, ಆಮೇಲೆ ಸಿಡ್ನಿಯಲ್ಲಿ. ಆದರೆ ನನಗೆ ಹನ್ನೊಂದರವರೆಗೆ ಎಣಿಸಲು ಬರುವುದಿಲ್ಲ ಎಂಬುದು ಗೊತ್ತಾದದ್ದು ಟರ್ಕಿಗೆ ಹೋದಾಗ. ಇದನ್ನು ಸಿಡ್ನಿಯ ನಮ್ಮ ಗಿರಾವೀನ್ ಬಡಾವಣೆಯಲ್ಲಿ ಯಾರಿಗೂ ಹೇಳಿಲ್ಲ. ಟ್ಯೂಷನ್‌ಗೆ ಬರುವ ನಾಲ್ಕು ಮಕ್ಕಳೂ ಬಿಟ್ಟುಹೋದಾರು.

ಆ ಪ್ರವಾಸ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ರಂಗಸ್ವಾಮಿ ಅಂಕಲ್ ಅಂತ ಒಬ್ಬರು ರಿಟೈರ್ಡ್ ಎಂಜಿನಿಯರ್ ಇದ್ದರು. ಹಳೆಯ ಕಲ್ಲು ಕಂಡರೆ ಅವರಿಗೆ ಹಸಿವು ನೀರಡಿಕೆ ಇರುತ್ತಿರಲಿಲ್ಲ. ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯಿಂದ ತಮ್ಮನ್ನೂ ಸೇರಿಸಿ ಹನ್ನೆರಡು ಜನ ಕನ್ನಡದವರನ್ನು ಕಲೆಹಾಕಿ, ಮೆಡಿಟರೇನಿಯನ್ ಕರಾವಳಿಯ ಪಾಳುಪಟ್ಟಣಗಳಿಗೆಲ್ಲ ಟೈಮ್‌ಟೇಬಲ್ ಹಾಕಿದ್ದರು. ಹೊರಡಲು ಎರಡು ತಿಂಗಳಿದೆ ಎನ್ನುವಾಗ, ಒಂದು ಬೆಳಗ್ಗೆ ಕಾರಿನಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಹನ್ನೊಂದು ಜನರ ಮುಖಂಡತ್ವ ನನ್ನ ಹೆಗಲಿಗೆ ಬಂತು.

ಅವರ ಹೆಂಡತಿ ಸರೋಜಾ ಆಂಟಿ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ವರ್ಷ ತುಂಬುವ ಮೊದಲು ದೇವಸ್ಥಾನಗಳಿಗೆ ಹೋಗಬಹುದೇ ಎಂದು ಯಾರೋ ಫೋನಿನಲ್ಲಿ ಅನುಮಾನ ತೆಗೆದರಂತೆ. ಅಲ್ಲಿಯ ಗುಡಿಗಳಲ್ಲಿ ದೇವರೇ ಇಲ್ಲವಲ್ಲ, ದೋಷ ಯಾರಿಗೆ ತಟ್ಟಬೇಕು ಎಂದು ಕೇಳಿ ಸೂಟ್‌ಕೇಸ್ ಕಟ್ಟಿಕೊಂಡು ಬಂದೇಬಿಟ್ಟರು. ಬಂದರೇನು, ಒಂದು ತುತ್ತು ನೆಟ್ಟಗೆ ತಿನ್ನುತ್ತಿರಲಿಲ್ಲ. ಬ್ರೆಡ್ಡಿನ ಚೂರು ಮುರಿದು ತಟ್ಟೆಯಲ್ಲೇ ಬಿಡುವರು. ಹೀಗೇ ಆದರೆ ಇವರನ್ನು ಜೀವಸಹಿತ ಮನೆ ಮುಟ್ಟಿಸುವುದು ಹೇಗೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಮುಖಂಡನ ಮುಖ್ಯ ಕೆಲಸವೆಂದರೆ ತಲೆ ಎಣಿಸುವುದು. ನಮ್ಮಜ್ಜಿ ರಾಗಿ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ, ಲಾಭ ಎಂದು ಶುರುಮಾಡುತ್ತಿದ್ದರು. ಮನುಷ್ಯರನ್ನಂತೂ ಎಣಿಸಲೇಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಿದ್ದರು. ಅಜ್ಜಿಗೂ ಬೇಸರವಾಗದಿರಲಿ, ಜನವೂ ಕಳೆದುಹೋಗದಿರಲಿ ಎಂದು ನಾನು ಬೆರಳು ತೋರಿಸದೆ, ಗದ್ದ ಆಡಿಸುತ್ತ 'ಲಾಭ, ಎರಡು, ಮೂರು' ಎಂದು ಎಣಿಸುತ್ತಿದ್ದೆ. ದೂರದಿಂದ ನೋಡಿದವರಿಗೆ ಓತಿಕೇತ ಕಂಡಂತಾಗುತ್ತಿತ್ತೆಂದು ನನ್ನ ಹೆಂಡತಿ ಪದ್ಮ ಹೇಳುತ್ತಾಳೆ.

ಮೊದಲು ಲೆಕ್ಕ ತಪ್ಪಿದ್ದು ಫಸೆಲಿಸ್ ಎಂಬಲ್ಲಿ. ಪೈನ್ ಮರಗಳ ನಡುವೆ ಅಗಲವಾದ ಕಲ್ಲುಹಾಸಿನ ಬೀದಿ, ಎರಡು ತುದಿಗೂ ಸಮುದ್ರ. ಅಕ್ಕಪಕ್ಕದಲ್ಲಿ ಮೊಣಕಾಲೆತ್ತರದ ಗೋಡೆಗಳು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಹೊಸ ಮನೆಗಳಿಗೆ ಪಾಯ ಹಾಕಿ ಬಿಟ್ಟಿರುತ್ತಾರಲ್ಲ, ಹಾಗೇ. ಬರಲಿರುವವರ ಮನೆಯೋ ಹೋದವರ ಮನೆಯೋ ಪಾಯ ನೋಡಿ ಹೇಳಲಾಗದು. ಮಟಮಟ ಮಧ್ಯಾಹ್ನ. ದೆವ್ವಗಳು ರಾತ್ರಿ ಮಾತ್ರ ಓಡಾಡುತ್ತವೆ ಎನ್ನುವವರು ನಮ್ಮ ಕಡೆಯ ಬಿಸಿಲು ಕಂಡವರಲ್ಲ. ನಮ್ಮಲ್ಲಿ ಆ ಹೊತ್ತಿಗೆ ಮಕ್ಕಳನ್ನು ಹುಣಸೆಮರದ ಹತ್ತಿರ ಬಿಡುತ್ತಿರಲಿಲ್ಲ. ಅಷ್ಟು ಹೊತ್ತೂ ಕಿರುಚುತ್ತಿದ್ದ ಜೀರುಂಡೆಗಳು ಒಮ್ಮೆಲೇ ನಿಂತವು. ಹೊರಡೋಣವೆಂದು ನಾನು ಎಣಿಸಿದೆ. ಹನ್ನೆರಡು ಬಂತು.

ಮತ್ತೆ ಎಣಿಸಿದೆ, ಹನ್ನೆರಡು. ನನ್ನನ್ನು ಬಿಟ್ಟು ಎಣಿಸಿದೆ, ಹತ್ತು ಬರಬೇಕಾದಲ್ಲಿ ಹನ್ನೊಂದು. ಡ್ರೈವರ್ ಗೇಟಿನ ಹೊರಗೆ ವ್ಯಾನಿನಲ್ಲಿದ್ದ. ಹೆಚ್ಚಿನವರು ಯಾರೆಂದು ಮುಖ ನೋಡುತ್ತ ಹೋದರೆ ಎಲ್ಲರೂ ನಮ್ಮವರೇ. ಹೆಸರು ಕೂಗಿದರೆ ಹನ್ನೊಂದು, ತಲೆ ಎಣಿಸಿದರೆ ಹನ್ನೆರಡು.

"ಎಷ್ಟು ಬಂತು ಮೇಷ್ಟ್ರೇ?" ಎಂದರು ಸರೋಜಾ ಆಂಟಿ.

ಬಾಯಿತಪ್ಪಿ ಹನ್ನೆರಡು ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಆಂಟಿ ತಲೆದೂಗಿ, ಸರಿ, ಹೊರಡೋಣ ಎಂದು ಮುಂದೆ ನಡೆದರು. ಅಂದು ಸಂಜೆ ಒಂದು ತಟ್ಟೆ ಅನ್ನ ತಿಂದರು.

ಹೊಳೆ ದಾಟಿದ ಹತ್ತು ದಡ್ಡರು ತಮ್ಮನ್ನು ತಾವೇ ಎಣಿಸಿಕೊಳ್ಳದೆ ಒಂಬತ್ತೇ ಮಂದಿ ಎಂದು ಅತ್ತ ಕಥೆ ವೇದಾಂತಿಗಳಿಗೆ ಬಹಳ ಇಷ್ಟ. ಹತ್ತನೆಯವನು ನೀನೇ ಕಣಪ್ಪ ಎಂದು ಹೇಳಲು ಒಬ್ಬ ದಾರಿಹೋಕ ಬರುತ್ತಾನೆ. ಲೆಕ್ಕ ಹೆಚ್ಚಾಗಿ ಬಂದವನಿಗೆ ಸಮಾಧಾನ ಹೇಳುವ ದಾರಿಹೋಕ ಯಾವ ವೇದಾಂತದಲ್ಲೂ ಇಲ್ಲ. ಪದ್ಮ ಮಾತ್ರ, ನೀವು ನಿಮ್ಮನ್ನು ಎರಡು ಸಲ ಎಣಿಸಿಕೊಳ್ಳುವುದು ಇದೇ ಮೊದಲೇನಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಆದರೆ ಹೋಟೆಲಿನಲ್ಲಿ ಸರಿಯಾಗಿ ಹನ್ನೊಂದು ಬರುತ್ತಿತ್ತು, ಫೋಟೋದಲ್ಲೂ ಹನ್ನೊಂದು. ಪಾಳುಪಟ್ಟಣದೊಳಗೆ ಕಾಲಿಟ್ಟರೆ ಹನ್ನೆರಡು. ನಾಲ್ಕು ದಿನ ಹೀಗೇ ನಡೆಯಿತು. ದಿನವೂ ಆಂಟಿ ಕೇಳುವರು, ನಾನು ಹೇಳುವೆ, ಅವರು ಉಣ್ಣುವರು. ಕೊನೆಕೊನೆಗೆ ನನ್ನ ಹೆದರಿಕೆಯೇ ತಿರುಗಿಬಿತ್ತು: ಲೆಕ್ಕ ಸರಿಬಂದ ದಿನ ಈ ಹೆಂಗಸಿನ ಗತಿಯೇನು?

ಕೊನೆಯ ದಿನ ಸಮುದ್ರದಂಚಿನ ಒಂದು ಗುಡಿಗೆ ಹೋದೆವು. ಐದು ಕಂಬ ಬಿಟ್ಟರೆ ಉಳಿದದ್ದೆಲ್ಲ ನೆಲಕ್ಕೆ ಬಿದ್ದಿತ್ತು. ಹೊರಡುವ ಹೊತ್ತಿಗೆ ಎಣಿಸಿದೆ. ಹನ್ನೊಂದು. ಇನ್ನೊಮ್ಮೆ, ಹನ್ನೊಂದು. ಕಂಬಗಳ ಹಿಂದೆಯೆಲ್ಲ ಹುಡುಕಿ ಬಂದೆ. ಯಾರನ್ನು ಹುಡುಕುತ್ತಿದ್ದೇನೆಂದು ಕೇಳಿದ್ದರೆ ಹೇಳಲು ಬಾಯಿರಲಿಲ್ಲ. ಆಂಟಿ ನನ್ನನ್ನೇ ನೋಡುತ್ತಿದ್ದರು. ನಾನು ಹನ್ನೆರಡು ಎಂದೆ. ಗೊತ್ತಿದ್ದೂ ತಪ್ಪು ಲೆಕ್ಕ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು.

"ಇಲ್ಲ ಮೇಷ್ಟ್ರೇ, ಇವತ್ತು ಹನ್ನೊಂದೇ," ಎಂದರು ಆಂಟಿ. "ನಾನೂ ದಿನಾ ಎಣಿಸ್ತಾನೇ ಇದ್ದೆ. ನಿನ್ನೆವರೆಗೂ ಹನ್ನೆರಡು ಬರ್ತಿತ್ತು."

ಅವರು ಅಳಲಿಲ್ಲ. ಕಂಬಗಳ ಕಡೆ ಸ್ವಲ್ಪ ಹೊತ್ತು ನೋಡಿದರು. ಈ ಜಾಗ ಅವರಿಗೆ ಹಿಡಿಸಿರಬೇಕು ಎಂದು ಮೆಲ್ಲಗೆ ಹೇಳಿ, ಎಲ್ಲರಿಗಿಂತ ಮೊದಲು ಹೋಗಿ ವ್ಯಾನು ಹತ್ತಿದರು. ಅಷ್ಟು ದಿನವೂ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಯಾರನ್ನೂ ಕೂರಗೊಡದಿದ್ದವರು ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಖಾಲಿ ಇದೆ."

ಕೂತೆ. ಸೀಟು ಬೆಚ್ಚಗಿತ್ತು. ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ವ್ಯಾನು, ಬೆಚ್ಚಗಿರದೆ ಇನ್ನೇನಾದೀತು ಎಂದು ಗಣಿತದ ಮೇಷ್ಟರು ತಮಗೆ ತಾವೇ ಎರಡು ಸಲ ಹೇಳಿಕೊಂಡರು.