ಕೇಳದೆ ಇಳಿದವನ ಕಲ್ಲು

ವರ್ಲಿನ್ ಡೋರ್ಷ್‌ನರ್ ಮೂವತ್ತೆಂಟು ವರ್ಷ ಹೆರಿಂಗ್ ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸಿದ. ಕೌಂಟಿಯ ಭೂಗೋಳವೆಲ್ಲ ಅವನ ಬೆನ್ನುಮೂಳೆಗೆ ಬಾಯಿಪಾಠ. ಯಾವ ತಿರುವಿನಲ್ಲಿ ಗುಂಡಿ, ಎಲ್ಲಿ ಜವುಗು, ಎಲ್ಲಿ ಮರಳು, ಸರೋವರದ ಗಾಳಿ ಯಾರ ಕೊಟ್ಟಿಗೆಯ ಹಿಂದೆ ಹಿಮ ಗುಡ್ಡೆ ಹಾಕುತ್ತದೆ, ಎಲ್ಲವೂ ಗೊತ್ತು. ಹೆರಿಂಗ್ ಮೀನಿನಿಂದ ಹೆಸರು ಪಡೆದ ಈ ಕೌಂಟಿಯಲ್ಲಿ ಹೆರಿಂಗ್ ಬಲೆಗೆ ಬಿದ್ದು ಐವತ್ತು ವರ್ಷವಾಯಿತು. ಶುಕ್ರವಾರ ಸಂಜೆ ನಾವು ಕರಿದು ತಿನ್ನುವ ಮೀನು ಯಾವುದೋ ಸಮುದ್ರದಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ಅದನ್ನೂ ನಮ್ಮ ಪರಂಪರೆ ಎನ್ನುತ್ತೇವೆ.

‘ನಾವು’ ಎಂದೆ, ತಪ್ಪಾಯಿತು. ನಾನು ಪಕ್ಕದ ಕೌಂಟಿಯವಳು, ಇಪ್ಪತ್ತು ಮೈಲಿ ಆಚೆ. ಮದುವೆಯಾಗಿ ಬಂದು ಇಲ್ಲಿನ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ದುಡಿದರೂ ನಾನು ಇನ್ನೂ ‘ಹೊಸಬಳು’. ಅಜ್ಜ ಅಜ್ಜಿ ಇಲ್ಲಿನ ಮಣ್ಣಿನಲ್ಲಿ ಮಲಗಿದ್ದರೆ ಮಾತ್ರ ಊರಿನವರು. ಈ ವಿಷಯದಲ್ಲಿ ವರ್ಲಿನ್‌ನನ್ನು ಮೀರಿಸುವವರಿರಲಿಲ್ಲ. ಅವನ ಮುತ್ತಜ್ಜ ಆಗಸ್ಟ್ ಡೋರ್ಷ್‌ನರ್ 1847ರಲ್ಲಿ ಹಡಗಿನಿಂದ ಇಳಿದು, ಸುತ್ತ ಕಣ್ಣು ಹಾಯಿಸಿ, ಇದೇ ನನ್ನ ನೆಲ ಎಂದು ಆರಿಸಿಕೊಂಡನಂತೆ. ಸಾಕ್ಷಿಗೆ ಒಂದು ಕಾಗದವಿತ್ತು. ಮುತ್ತಜ್ಜ ಜರ್ಮನಿಯಲ್ಲಿದ್ದ ಅಣ್ಣನಿಗೆ ಬರೆದು, ಅದೇಕೋ ಅಂಚೆಗೆ ಹಾಕದೆ ಬಿಟ್ಟದ್ದು. ವರ್ಲಿನ್ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಓದಲು ಮಾತ್ರ ಬರುತ್ತಿರಲಿಲ್ಲ. ಅವನಪ್ಪನಿಗೂ ಬರುತ್ತಿರಲಿಲ್ಲ. ಹಳೆಯ ಜರ್ಮನ್ ಕೈಬರಹ, ಕೋಳಿ ಕೆದರಿದ ಹಾಗೆ. ಯಾರನ್ನಾದರೂ ಕೇಳಿ ಓದಿಸಬಹುದಿತ್ತು, ಆದರೆ ಡೋರ್ಷ್‌ನರ್ ಮನೆಯವರು ಯಾರನ್ನೂ ಏನನ್ನೂ ಕೇಳುವವರಲ್ಲ.

ಈ ಊರಿನಲ್ಲಿ ಕೇಳುವುದೆಂದರೆ ಎಲ್ಲರಿಗೂ ಸಂಕೋಚವೇ. ಚರ್ಚಿನ ಊಟದಲ್ಲಿ ತಟ್ಟೆಯ ಕೊನೆಯ ಕೇಕಿನ ತುಂಡಿಗೆ ಯಾರೂ ಕೈ ಹಾಕುವುದಿಲ್ಲ. ಒಬ್ಬರು ಅರ್ಧ ಕತ್ತರಿಸಿಕೊಳ್ಳುತ್ತಾರೆ, ಇನ್ನೊಬ್ಬರು ಉಳಿದದ್ದರಲ್ಲಿ ಅರ್ಧ, ಕೊನೆಗೆ ಇರುವೆ ಹೊರುವಷ್ಟು ಉಳಿಯುತ್ತದೆ. ವರ್ಲಿನ್ ತನ್ನ ಬದುಕನ್ನೂ ಹಾಗೇ ಅರ್ಧರ್ಧ ಕತ್ತರಿಸುತ್ತ ಬಂದ. ಹರೆಯದಲ್ಲಿ ಅವನಿಗೆ ಅದಿರು ಸಾಗಿಸುವ ಹಡಗು ಸೇರುವ ಆಸೆ. ರಸ್ತೆ ಇಲಾಖೆಯವರು, ಈ ಚಳಿಗಾಲ ಒಂದು ಲಾರಿ ನೋಡಿಕೋ ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಚಳಿಗಾಲ ಮೂವತ್ತೆಂಟು ವರ್ಷ ನಡೆಯಿತು. ಲುವೆಲ್ಲಾ ಎಂಬ ಹುಡುಗಿಯನ್ನು ಹನ್ನೊಂದು ವರ್ಷ ಪ್ರತಿ ಶುಕ್ರವಾರ ಮೀನೂಟಕ್ಕೆ ಕರೆದುಕೊಂಡು ಹೋದ. ಹನ್ನೆರಡನೆಯ ವರ್ಷ ಒಬ್ಬ ವಿಮಾ ಏಜೆಂಟ್ ಬಂದು ಮದುವೆಯಾಗುತ್ತೀಯಾ ಎಂದು ಕೇಳಿದ, ಅವಳು ಹೂಂ ಎಂದಳು. ವರ್ಲಿನ್ ಆ ಮದುವೆಗೆ ಹೋಗಿ ಕುರ್ಚಿ ಜೋಡಿಸಿಕೊಟ್ಟ.

1998ರಲ್ಲಿ ಕೌಂಟಿಗೆ ನೂರೈವತ್ತು ತುಂಬಿತು. ಸರೋವರದ ದಂಡೆಯಲ್ಲಿ ಕಲ್ಲು ನೆಡಬೇಕೆಂದು ಇತಿಹಾಸ ಸಂಘ ತೀರ್ಮಾನಿಸಿತು. ಸಂಘದ ಅಧ್ಯಕ್ಷೆ ಅದೇ ಲುವೆಲ್ಲಾ. ಈಗ ವಿಧವೆ, ಊರಿನ ಅಭಿರುಚಿಯನ್ನೆಲ್ಲ ಗುತ್ತಿಗೆ ಹಿಡಿದವಳು. ಕಲ್ಲಿನ ಮೇಲೆ ‘ಈ ದಂಡೆಗೆ ಮೊದಲು ಕಾಲಿಟ್ಟವನು’ ಎಂದು ಆಗಸ್ಟ್‌ನ ಹೆಸರು, ಕೆಳಗೆ ಆ ಕಾಗದದಿಂದ ಒಂದು ಸಾಲು, ಅವನ ಕೈಬರಹದಲ್ಲೇ. ಇಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನ ನೂರಾರು ವರ್ಷ ಇಲ್ಲೇ ಇದ್ದರಲ್ಲ, ಅವರಿಗೆ ಕಾಲಿರಲಿಲ್ಲವೇ ಎಂದು ನಾನು ಸಭೆಯಲ್ಲಿ ಅಂದೆ. ಲುವೆಲ್ಲಾ ಮುಗುಳ್ನಕ್ಕು, “ಅದೊಂಥರಾ ಬೇರೆ ಥರ ಇದೆ” ಎಂದಳು. ನಮ್ಮ ಕಡೆ ಇದು ಗಲ್ಲುಶಿಕ್ಷೆ. ನನ್ನ ಮಾತು ಅಲ್ಲೇ ಸತ್ತಿತು.

ಸಾಲು ಆರಿಸುವುದನ್ನು ವರ್ಲಿನ್‌ಗೆ ಬಿಟ್ಟಿದ್ದರು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಮನೆತನದ ಹೆಸರು ಅವನೊಂದಿಗೆ ಮುಗಿಯುತ್ತದೆ, ಕಲ್ಲಿನ ಮೇಲಾದರೂ ಉಳಿಯಲಿ ಎಂಬುದೊಂದೇ ಅವನಿಗಿದ್ದ ಆಸೆ. ಒಂದು ದಿನ ಗಾಜಿನ ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಲೈಬ್ರರಿಗೆ ಬಂದ. ಮುಕ್ಕಾಲು ಗಂಟೆ ಹವಾಮಾನದ ಬಗ್ಗೆ ಮಾತಾಡಿದ. ಆಮೇಲೆ ಕಿಟಕಿಯ ಕಡೆ ನೋಡುತ್ತ, “ನಿಮ್ಮಜ್ಜಿ ನಿಂಗೆ ಹಳೇ ಬರಹ ಕಲಿಸಿದ್ರಂತೆ” ಎಂದ. ಡೋರ್ಷ್‌ನರ್ ಒಬ್ಬನಿಂದ ಇದಕ್ಕಿಂತ ಹೆಚ್ಚು ಬೇಡಿಕೆ ಹೊರಡದು ಎಂದು ನಾನೇ ಕೈ ಚಾಚಿದೆ.

ಕಾಗದದಲ್ಲಿದ್ದದ್ದು ಇಷ್ಟು. ಆಗಸ್ಟ್ ಹೆಂಡತಿಯೊಡನೆ, ದಕ್ಷಿಣದ ಮಿಲ್ವಾಕೀ ಪಟ್ಟಣ ಎಂದುಕೊಂಡು ಇಲ್ಲಿ ಇಳಿದಿದ್ದ. ಹಡಗು ಹೊರಟುಹೋಯಿತು. ಈ ದಂಡೆಯವಳೇ ಆದ ಪೊಟವಾಟಮಿ ಹೆಂಗಸೊಬ್ಬಳು ಮೂರು ಮಕ್ಕಳೊಡನೆ ಮೀನು ಒಣಗಿಸುತ್ತಿದ್ದಳು. ಇಳಿದ ಗಂಡಹೆಂಡಿರಿಗೆ ನಾಲ್ಕು ಹೆರಿಂಗ್ ಕೊಟ್ಟು, ದಕ್ಷಿಣಕ್ಕೆ ಬೆರಳು ತೋರಿಸಿ, ನಕ್ಕಳು. ಜಾಗವನ್ನು ಬೇಕೆಂದೇ ಆರಿಸಿದೆ ಎಂದು ಹೆಂಡತಿಗೆ ಹೇಳಿಬಿಟ್ಟಿದ್ದೇನೆ, ನೀನು ಬಾಯಿ ಬಿಡಬೇಡ ಎಂದು ಅಣ್ಣನನ್ನು ಬೇಡಿಕೊಂಡಿದ್ದ. ಕೊನೆಯಲ್ಲಿ ಬರೆದಿದ್ದ: ‘ನಾನು ಬರಬೇಕೆಂದಿದ್ದದ್ದು ಇಲ್ಲಿಗಲ್ಲ, ಆದರೆ ಕೇಳಲು ಮನಸ್ಸಾಗಲಿಲ್ಲ.’

ವರ್ಲಿನ್‌ನ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ನಡುವೆ ‘ದೇವರ ದಯೆಯಿಂದ ಎಲ್ಲರೂ ಆರೋಗ್ಯ’ ಎಂಬ ಸಾಲಿದೆ, ಅದನ್ನೇ ಕೆತ್ತಿಸಿ ಎಂದೆ. ಅವನು ಕೊನೆಯದನ್ನು ಇನ್ನೊಮ್ಮೆ ಓದಿಸಿಕೊಂಡ.

“ನಂದೂ ಇದೇ ಕಥೆ ಕಣಮ್ಮ. ಇದನ್ನೇ ಕೆತ್ತಿಸ್ತೀನಿ.”

“ಲುವೆಲ್ಲಾಗೆ ಗೊತ್ತಾದ್ರೆ ಕಲ್ಲೂ ಇರಲ್ಲ, ನಿಮ್ಮ ಹೆಸರೂ ಇರಲ್ಲ.”

“ಕೇಳಿದ್ರೆ ತಾನೆ ಗೊತ್ತಾಗೋದು” ಎಂದ.

ಅವನ ಲೆಕ್ಕಾಚಾರ ಸುಳ್ಳಾಗಲಿಲ್ಲ. ಜುಲೈಯಲ್ಲಿ ಬ್ಯಾಂಡು ಬಾರಿಸಿ, ಸಾಸೇಜ್ ಸುಟ್ಟು, ಕಲ್ಲಿನ ಮುಸುಕು ತೆಗೆದರು. ಪಾದ್ರಿಗಳು ಆ ಸಾಲಿನಲ್ಲಿ ಪ್ರಾರ್ಥನೆಯ ಲಯ ಕಂಡರು. ಕೌಂಟಿಯ ಮುಖ್ಯಸ್ಥ ಪೂರ್ವಜರ ದೂರದೃಷ್ಟಿ ಕಂಡ. ಜನ ಸಂಸಾರ ಸಮೇತ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅರ್ಥವೇನೆಂದು ಒಬ್ಬರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ವರ್ಲಿನ್ ಅಭ್ಯಾಸಬಲದಿಂದ ಕುರ್ಚಿ ಮಡಚುತ್ತಿದ್ದ. ನಾನು ಮೇಜಿನ ಬಟ್ಟೆ ಕೊಡವುತ್ತಿದ್ದೆ. ಲುವೆಲ್ಲಾ ಬಂದು ಆ ಸಾಲಿನ ಮೇಲೆ ಬೆರಳಿಟ್ಟಳು.

“ಇದ್ರಲ್ಲಿ ಏನು ಬರೆದಿದೆ, ವರ್ಲಿನ್?”

ಒಂದು ಮಾತಿಗೆ ಆ ಕಲ್ಲನ್ನು ಕೀಳಿಸಬಲ್ಲ ಹೆಂಗಸು ಅವಳು. ಸುಳ್ಳು ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಕುರ್ಚಿ ಕೆಳಗಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಲುವೆಲ್ಲಾ ಸರೋವರದ ಕಡೆ ನೋಡುತ್ತ ನಿಂತಳು. ಬೇರೆ ಥರ ಇದೆ ಎನ್ನುತ್ತಾಳೆಂದು ನಾನು ಕಾದೆ.

“ಕೇಳಬೇಕಿತ್ತು” ಎಂದಳು.

“ಪಾಪ, ಮುತ್ತಜ್ಜಂಗೆ ಭಾಷೆ ಬರ್ತಿರಲಿಲ್ಲ” ಎಂದ ವರ್ಲಿನ್.

“ನಿನ್ನ ಮುತ್ತಜ್ಜನ ಮನೆ ಹಾಳಾಗ” ಎಂದಳು ಲುವೆಲ್ಲಾ. “ಹನ್ನೊಂದು ವರ್ಷ ಕೂತು ಮೀನು ತಿಂದವಳು ನಾನು.”