ಲಕೋಟೆಯ ಬೆನ್ನ ಮೇಲಿನ ಅಳತೆ

ನಮ್ಮಕ್ಕ ಯಾರಿಗೂ ಹೆದರುವವಳಲ್ಲ. ಪ್ಯಾಂಟು ಒಂದು ಬೆರಳು ಉದ್ದವಾಯಿತೆಂದು ಕೂಗಾಡಿಕೊಂಡು ಬಂದ ಆರಡಿ ಆಳನ್ನು ಕನ್ನಡಿ ಮುಂದೆ ನಿಲ್ಲಿಸಿ, ಮೊದಲು ನೆಟ್ಟಗೆ ನಿಲ್ಲುವುದನ್ನು ಕಲಿತುಕೊಂಡು ಬನ್ನಿ ಎಂದು ಕಳಿಸಿದವಳು. ಬೀದಿ ನಾಯಿ, ಕತ್ತಲೆ, ಬಾಡಿಗೆ ಕೇಳಲು ಬರುವ ಮಾಲೀಕ, ಯಾವುದೂ ಅವಳಿಗೆ ಲೆಕ್ಕಕ್ಕಿಲ್ಲ. ಆದರೆ ಬಾಗಿಲ ಸೀಳಿನಿಂದ ಒಂದು ಕಂದು ಲಕೋಟೆ ಒಳಗೆ ಬಿದ್ದರೆ ಸಾಕು, ಅವಳ ಮುಖ ಸುಣ್ಣ ಬಳಿದ ಗೋಡೆಯಂತಾಗುತ್ತದೆ.

ನಮ್ಮ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಅಂಗಡಿ ಎನ್ನುವುದೂ ಸ್ವಲ್ಪ ಜಾಸ್ತಿಯೇ. ಒಂದು ಹೊಲಿಗೆ ಯಂತ್ರ, ನನ್ನ ಇಸ್ತ್ರಿ ಮೇಜು, ಒಂದು ಉದ್ದ ಕನ್ನಡಿ, ಬಟ್ಟೆ ಬದಲಿಸುವವರಿಗೆ ಪರದೆ ಕಟ್ಟಿದ ಮೂಲೆ. ಇಷ್ಟಕ್ಕೇ ಇಬ್ಬರು ಮೈ ಓರೆ ಮಾಡಿಕೊಂಡು ಓಡಾಡಬೇಕು. ಅಕ್ಕ ಹೊಸ ಬಟ್ಟೆ ಹೊಲಿಯುವುದಿಲ್ಲ. ಹರಿದದ್ದು, ಬಿಗಿಯಾದದ್ದು, ಜಿಪ್ಪು ಕಿತ್ತುಹೋದದ್ದು, ಅಣ್ಣನಿಂದ ತಮ್ಮನಿಗೆ ಬಂದದ್ದು, ಇವು ಅವಳ ಕೈಗೆ ಬರುತ್ತವೆ. ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಎನ್ನುತ್ತಾರೆ. ನನ್ನನ್ನು ಅವಳು ಬಾಯಿಬಡುಕಿ ಎನ್ನುತ್ತಾಳೆ. ಇರಲಿ, ಇಬ್ಬರಲ್ಲಿ ಒಬ್ಬರಾದರೂ ಮಾತಾಡಬೇಕಲ್ಲ.

ಕಂದು ಲಕೋಟೆಯ ಭಯಕ್ಕೆ ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದರು. ತಮ್ಮ ಹೆಸರು ಬರೆಯುವಷ್ಟೇ ಓದು. ತೆರಿಗೆ ಕಚೇರಿಯಿಂದ ಬಂದ ಕಾಗದಗಳನ್ನು ಟ್ಯೂಬು, ಅಂಟಿನ ಡಬ್ಬಿಗಳ ನಡುವೆ ಸಿಕ್ಕಿಸಿ ಮರೆತುಬಿಟ್ಟರು. ಒಂದು ಬೆಳಿಗ್ಗೆ ಇಬ್ಬರು ಬಂದು ಬಾಗಿಲಲ್ಲಿ ಏನೋ ಓದಿ ಹೇಳಿ, ಅಮ್ಮನ ಹೊಲಿಗೆ ಯಂತ್ರವನ್ನು ಎತ್ತಿಕೊಂಡು ಹೋದರು. ನನಗಾಗ ಐದು ವರ್ಷ, ಅಕ್ಕನಿಗೆ ಒಂಬತ್ತು. ಯಂತ್ರ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬಿಳಿ ಗುರುತು ಉಳಿದಿದ್ದವು. ಅಮ್ಮ ಆ ಕಾಗದಗಳನ್ನೆಲ್ಲ ಒಲೆಗೆ ಹಾಕಿದರು. ಅಪ್ಪನ ಈ ಬೇಜವಾಬ್ದಾರಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಮಾತು ಬಂದಾಗೆಲ್ಲ ಬೈಯುತ್ತೇನೆ. ನಾನು ಬೈಯಲು ಶುರು ಮಾಡಿದರೆ ಅಕ್ಕ ಜೋರಾಗಿ ಯಂತ್ರ ತುಳಿಯುತ್ತಾಳೆ, ಕೆಲಸ ಇಲ್ಲದಿದ್ದರೂ.

ಅಕ್ಕ ಇಪ್ಪತ್ತು ವರ್ಷ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದಳು. ತೆರಿಗೆ ಅವರೇ ಹಿಡಿದು ಕಟ್ಟುತ್ತಿದ್ದರು. ಅದು ಮುಚ್ಚಿದ ಮೇಲೆ ನಾವು ಈ ಮೆಟ್ಟಿಲ ಕೆಳಗೆ ಬಂದೆವು. ವರ್ಷ ತುಂಬಿದ ಮೇಲೆ ಪಕ್ಕದ ಸ್ಟೇಷನರಿ ಅಂಗಡಿಯವರು ಒಂದು ದಿನ ಹೋಗುತ್ತಾ ಹೋಗುತ್ತಾ, ತೆರಿಗೆಗೆ ನೋಂದಣಿ ಮಾಡಿಸಿದ್ರಾ, ತಿಂಗಳ ಕೊನೆಗೆ ಆನ್‌ಲೈನಿನಲ್ಲಿ ಲೆಕ್ಕ ಸಲ್ಲಿಸಬೇಕಲ್ಲ ಎಂದರು. ಅಕ್ಕನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಇಪ್ಪತ್ತು ವರ್ಷದಲ್ಲಿ ಅವಳಿಗೆ ಸೂಜಿ ಚುಚ್ಚಿದ್ದನ್ನು ನಾನು ನೋಡಿರಲಿಲ್ಲ.

"ಯಂತ್ರ ತಗೊಂಡು ಹೋಗ್ತಾರೆ" ಎಂದಳು.

ಯಾರೂ ತೆಗೆದುಕೊಂಡು ಹೋಗುವುದಿಲ್ಲ, ಕಾಲ ಬದಲಾಗಿದೆ, ಹೆಚ್ಚೆಂದರೆ ದಂಡ ಹಾಕುತ್ತಾರೆ ಎಂದೆ. ಅವಳ ಕಿವಿಗೆ ಹೋಗಲಿಲ್ಲ. ಅವತ್ತು ಬಾಗಿಲು ಹಾಕುವಾಗ ಅವಳು ಯಂತ್ರಕ್ಕೆ ಹಳೆಯ ದುಪ್ಪಟಿ ಹೊದಿಸಿ, ಅದರ ಮೇಲೆ ರಿಪೇರಿಯ ಬಟ್ಟೆಗಳನ್ನು ರಾಶಿ ಹಾಕಿದಳು. ಕಚೇರಿಯವರಿಂದ ಯಂತ್ರ ಬಚ್ಚಿಡುವ ಬುದ್ಧಿವಂತಿಕೆ ನೋಡಿ. ನಗು ಬರಬೇಕಿತ್ತು, ನಾನೂ ಒಂದು ಪ್ಯಾಂಟು ತೆಗೆದು ಆ ರಾಶಿಯ ಮೇಲೆ ಹಾಕಿದೆ.

ಎಂಟನೇ ತಾರೀಖು ನಾನೇ ಅವಳನ್ನು ಎಳೆದುಕೊಂಡು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಸಾರ್ವಜನಿಕರಿಗೆ ಮೂರು ಕಂಪ್ಯೂಟರ್ ಇವೆ, ಸಹಾಯಕ್ಕೆ ಒಬ್ಬ ಮೇಡಂ ಇದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಮಾತಾಡುವ, ನಿಧಾನದ ಹೆಂಗಸು. ಅರ್ಧ ಗಂಟೆಯಲ್ಲಿ ಅಕ್ಕನ ಹೆಸರು, ಹುಟ್ಟಿದ ದಿನ, ಅಂಗಡಿಯ ವಿಳಾಸ ಎಲ್ಲ ತುಂಬಿಸಿದರು. ವರ್ಷದ ಲೆಕ್ಕವನ್ನೂ ಒಂದು ಹಾಳೆಯ ಮೇಲೆ ಬರೆಸಿ ಸಿದ್ಧ ಮಾಡಿಕೊಟ್ಟರು. ಆದರೆ ಒಳಗೆ ಹೋಗಿ ಸಲ್ಲಿಸಲು ಒಂದು ಸಂಕೇತ ಸಂಖ್ಯೆ ಬೇಕಂತೆ. ಅದು ಅಂಚೆಯಲ್ಲಿ ಮಾತ್ರ ಬರುವುದಂತೆ, ಹತ್ತು ದಿನ ಆಗಬಹುದಂತೆ. ಬಂದ ತಕ್ಷಣ ಕಾಗದ ತನ್ನಿ, ಹತ್ತು ನಿಮಿಷದ ಕೆಲಸ ಎಂದರು.

ಹತ್ತು ದಿನ ಆಯಿತು, ಹದಿನೈದು ಆಯಿತು. ಅಂಚೆಯವನು ಬರುವುದು ನಾನು ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ. ದಿನಾ ಬಂದು ಕೇಳುತ್ತಿದ್ದೆ, ಏನಾದರೂ ಬಂತಾ ಎಂದು. ಅಕ್ಕ ಬಟ್ಟೆಯಿಂದ ತಲೆ ಎತ್ತದೆ ಇಲ್ಲ ಎನ್ನುತ್ತಿದ್ದಳು. ಇಪ್ಪತ್ತೊಂಬತ್ತಕ್ಕೆ ಗ್ರಂಥಾಲಯಕ್ಕೆ ಓಡಿದೆವು. ಮೇಡಂ ಪರದೆ ನೋಡಿ, ಸಂಕೇತ ಹನ್ನೊಂದನೇ ತಾರೀಖೇ ಕಳಿಸಿದ್ದಾರಲ್ಲ ಎಂದರು. ಹೊಸದು ಕೇಳಬಹುದು, ಆದರೆ ಅದು ಬರಲು ಮತ್ತೆ ಹತ್ತು ದಿನ. ಕೊನೆಯ ದಿನ ಮೂವತ್ತೊಂದು. ಅಕ್ಕ ಕುರ್ಚಿಯ ಅಂಚು ಹಿಡಿದುಕೊಂಡಳು.

ದಾರಿಯುದ್ದಕ್ಕೂ ನಾನು ಅಂಚೆಯವನಿಗೆ ಹಿಡಿಶಾಪ ಹಾಕಿಕೊಂಡು ಬಂದೆ. ಅಂಗಡಿಗೆ ಬಂದು ಇಸ್ತ್ರಿ ಮಾಡಲು ತಂತಿಯಿಂದ ಒಂದು ಲಂಗ ತೆಗೆದೆ. ಅದರ ಒಳಮಗ್ಗುಲಿಗೆ ಎಂದಿನಂತೆ ಅಳತೆಯ ಚೀಟಿ ಗುಂಡುಪಿನ್ನಿನಲ್ಲಿ ನೇತಾಡುತ್ತಿತ್ತು. ಸೊಂಟ ಇಷ್ಟು, ಉದ್ದ ಇಷ್ಟು, ಕೆಳಗೆ ಗಿರಾಕಿಯ ಫೋನ್ ನಂಬರು. ಯಾಕೋ ತಿರುಗಿಸಿ ನೋಡಿದೆ. ಕಂದು ಲಕೋಟೆ. ವಿದ್ಯುತ್ ಕಚೇರಿಯದು, ಒಡೆದೇ ಇಲ್ಲ.

ಅಕ್ಕನ ಈ ಪದ್ಧತಿ ಹೊಸದಲ್ಲ. ಅಳತೆಗೆ ಅವಳಿಗೆ ದಪ್ಪ ಕಾಗದವೇ ಬೇಕು, ತೆಳುವಾದದ್ದು ಪಿನ್ನಿಗೆ ಹರಿಯುತ್ತದೆ. ಬಟ್ಟೆ ಕೊಡುವಾಗಲೂ ಚೀಟಿ ಬಿಚ್ಚುವುದಿಲ್ಲ. ಮುಂದಿನ ಸಲ ತಂದಾಗ ಅಳತೆ ಬಟ್ಟೆಯಲ್ಲೇ ಇರುತ್ತದೆ, ಹೊಟ್ಟೆ ಎಷ್ಟು ಬೆಳೆಯಿತು ಎನ್ನುವುದಕ್ಕೆ ಸಾಕ್ಷಿಯೂ ಆಗುತ್ತದೆ. ಚೀಟಿ ಕಿತ್ತು ಬಿಸಾಡಿದವರಿಗೆ ಅವಳಿಂದ ಪೂಜೆ ಆಗುತ್ತಿತ್ತು. ಇದೆಲ್ಲ ನನಗೆ ಗೊತ್ತು. ಆದರೆ ನೆಲದ ಮೇಲೆ ಬಿದ್ದ ಕಂದು ಲಕೋಟೆಯ ಮುಖ ನೋಡಲಾರದೆ ಬೋರಲು ಹಾಕಿ, ಅದರ ಬೆನ್ನ ಮೇಲೆ ಅಳತೆ ಬರೆದು ಕಣ್ಮುಂದಿನಿಂದ ಸಾಗಹಾಕುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ. ಇಲ್ಲ ಎಂದು ಅವಳು ಹೇಳಿದ್ದು ಸುಳ್ಳೂ ಅಲ್ಲ. ನೋಡಿದ್ದರೆ ತಾನೇ ಬಂದಿದೆ ಎನ್ನುವುದು.

ನಾನು ಕಿರುಚಲಿಲ್ಲ. ಹನ್ನೊಂದರ ಮೇಲೆ ಎಷ್ಟು ಕಂದು ಲಕೋಟೆ ಬಂದವು ಎಂದಷ್ಟೇ ಕೇಳಿದೆ. ಅವಳು ಕಣ್ಣು ಮುಚ್ಚಿ, ಬಟ್ಟೆಗಳನ್ನು ನೆನಪಿಸಿಕೊಂಡು, ಮೂರು ಎಂದಳು. ಒಂದು ಈ ಲಂಗ. ಇನ್ನೊಂದು ಎದುರಿನ ಹಲ್ಲಿನ ಆಸ್ಪತ್ರೆಯ ನರ್ಸಮ್ಮನ ಬಿಳಿ ಕೋಟು. ಓಡಿಹೋಗಿ, ಅವರ ಮೈಮೇಲಿದ್ದಂತೆಯೇ ಕೋಟಿನ ಒಳಮಗ್ಗುಲು ತಿರುಗಿಸಿ ಚೀಟಿ ನೋಡಿದೆ, ಅದು ನೀರಿನ ಬಿಲ್ಲು. ಮೂರನೆಯದು ಒಬ್ಬ ಲಾರಿ ಚಾಲಕನ ಚಳಿಗಾಲದ ಕೋಟು. ಹೊಸ ಜಿಪ್ಪು ಹಾಕಿಸಿಕೊಂಡು ಹೋಗಿ ಒಂಬತ್ತು ದಿನವಾಗಿತ್ತು. ಅವನ ಫೋನ್ ನಂಬರು ಎಲ್ಲಿ ಎಂದೆ. ಅಕ್ಕ ನನ್ನ ಮುಖ ನೋಡಿದಳು. ಅದೂ ಆ ಲಕೋಟೆಯ ಮೇಲೇ ಇತ್ತು.

ಮೂವತ್ತನೇ ತಾರೀಖು ಎರಡು ಬಸ್ಸು ಹತ್ತಿ, ಊರಾಚೆಯ ಲಾರಿ ನಿಲ್ದಾಣಕ್ಕೆ ಹೋದೆ. ಹೆಸರು ಗೊತ್ತಿಲ್ಲ. ಹಸಿರು ಕೋಟು, ಎಡಗಡೆ ಭುಜ ಸ್ವಲ್ಪ ಕೆಳಗೆ ಎಂದು ಅಕ್ಕ ಹೇಳಿದ ಗುರುತನ್ನೇ ಅಲ್ಲಿಯ ಗುಮಾಸ್ತನಿಗೆ ಹೇಳಿದೆ. ಅವನು ನಕ್ಕರೂ ನಂಬರು ಬರೆದುಕೊಟ್ಟ. ದೂರದ ಬಾಡಿಗೆಗೆ ಹೋಗಿದ್ದಾನೆ, ಓಡಿಸುವಾಗ ಫೋನ್ ಎತ್ತುವುದಿಲ್ಲ ಎಂದೂ ಹೇಳಿದ. ಅವತ್ತಿಡೀ ಎತ್ತಲಿಲ್ಲ. ಅಕ್ಕ ಊಟ ಮಾಡಲಿಲ್ಲ. ಸುಮ್ಮನೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ, ಒರೆಸುತ್ತಾ ಕೂತಿದ್ದಳು. ಯಂತ್ರವನ್ನು ಕಳಿಸಿಕೊಡಲು ಸಿದ್ಧ ಮಾಡುತ್ತಿರುವ ಹಾಗಿತ್ತು. ನೋಡಲಾರದೆ ನಾನು ಮೆಟ್ಟಿಲ ಮೇಲೆ ಹೋಗಿ ಕೂತೆ.

ಮೂವತ್ತೊಂದರ ಮಧ್ಯಾಹ್ನ ಗ್ರಂಥಾಲಯದ ಕಂಪ್ಯೂಟರ್ ಮುಂದೆಯೇ ಕಾದು ಕೂತೆವು. ಆರಕ್ಕೆ ಅದು ಬಾಗಿಲು ಹಾಕುತ್ತದೆ. ಕಾಲು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದೆ. ನಾಲ್ಕಾಯಿತು, ನಾಲ್ಕೂವರೆ ಆಯಿತು, ಐದಾಯಿತು. ಐದೂ ಹತ್ತಕ್ಕೆ ಆ ಕಡೆಯಿಂದ ಹಲೋ ಎಂದಿತು ಒಂದು ಗಂಡಸಿನ ದನಿ. ಮೇಡಂ ನಮ್ಮನ್ನು ಹಿಂದಿನ ಸಣ್ಣ ಕೋಣೆಗೆ ಕರೆದು, ಮೂವರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡಿಸಿದರು.

ನಾನು ಒಂದೇ ಉಸಿರಿಗೆ ವಿಷಯವನ್ನೆಲ್ಲ ಹೇಳಿ, ಆ ಚೀಟಿ ಬಿಸಾಡಿದ್ರಾ ಎಂದೆ.

"ಬಿಸಾಡಿದ್ರೆ ಸೂಜಿಯಕ್ಕ ಬಿಡ್ತಾರಾ? ಪಿನ್ನು ಎರಡು ಸಲ ಚುಚ್ತು, ಆದ್ರೂ ಕೀಳಲಿಲ್ಲ. ಇಲ್ಲೇ ಇದೆ."

ಲಕೋಟೆ ಹರಿಯುವ ಸದ್ದು ಕೇಳಿಸಿತು. ಅಕ್ಕ ಎರಡೂ ಕಿವಿ ಮುಚ್ಚಿಕೊಳ್ಳುವವಳಂತೆ ಕೈ ಎತ್ತಿದಳು. ಮೇಡಂ ಪೆನ್ನು ಹಿಡಿದು, ಸಂಖ್ಯೆ ಮಾತ್ರ ಓದಿ ಸಾಕು ಎಂದರು. ಅಕ್ಕ ಎತ್ತಿದ ಕೈಯನ್ನು ಕೆಳಗಿಳಿಸಿದಳು.

"ಮೊದಲಿಂದ ಓದಪ್ಪ. ಎಲ್ಲಾ ಓದು."

ಗಂಟೆ ಐದೂ ಇಪ್ಪತ್ತು. ನನಗೆ ಅವಳನ್ನು ಹಿಡಿದು ಅಲುಗಾಡಿಸುವಷ್ಟು ಕೋಪ ಬಂತು. ಅವನು ಪಾಪ, ರಸ್ತೆ ಬದಿಯಲ್ಲಿ ನಿಂತು, ಹಿಂದೆ ಲಾರಿಗಳು ಹೋಗುವ ಸದ್ದಿನಲ್ಲಿ, ಒಂದೊಂದೇ ಪದ ಬಿಡಿಸಿ ಓದಿದ. ನೋಂದಾಯಿಸಿಕೊಂಡಿದ್ದಕ್ಕೆ ವಂದನೆಗಳು. ನಿಮ್ಮ ಸಂಕೇತ ಸಂಖ್ಯೆ ಕೆಳಗಿದೆ. ಅದನ್ನು ಯಾರಿಗೂ ಕೊಡಬೇಡಿ. ಇಲ್ಲಿ ಅವನು ಸ್ವಲ್ಪ ತಡವರಿಸಿ, ನಾನು ಯಾರಿಗೂ ಹೇಳಲ್ಲ ಅಕ್ಕ ಎಂದ. ಸಂಖ್ಯೆ ಓದಿದ, ಮೇಡಂ ಬರೆದುಕೊಂಡರು. ಇನ್ನೊಂದು ಸಾಲಿದೆ ಎಂದು ಓದಿದ. ನಿಮಗೆ ಅರ್ಥವಾಗದಿದ್ದರೆ, ಅಥವಾ ಹೆಚ್ಚಿನ ಸಮಯ ಬೇಕಿದ್ದರೆ, ನಮಗೆ ತಿಳಿಸಿ, ಸಹಾಯ ಮಾಡುತ್ತೇವೆ.

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ ಅಕ್ಕ. ಕೆಳಗೆ ಒಂದು ಫೋನ್ ನಂಬರಿದೆ."

ಕೊನೆಯ ಸಾಲನ್ನು ಮತ್ತೊಮ್ಮೆ ಓದಿಸಿದಳು. ಮೇಡಂ ಅಷ್ಟರಲ್ಲಿ ಕಂಪ್ಯೂಟರ್ ಹತ್ತಿರ ಓಡಿದ್ದರು. ಸಂಕೇತ ಒತ್ತಿದರು, ಸಿದ್ಧವಿದ್ದ ಹಾಳೆ ನೋಡಿ ಲೆಕ್ಕ ತುಂಬಿದರು. ಎಲ್ಲ ಸರಿಯಿದೆ ಎನ್ನುವ ಗುಂಡಿಯನ್ನು ಅಕ್ಕನೇ ಒತ್ತಬೇಕೆಂದರು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ, ಅವಳು ಒತ್ತಿದಳು. ಐದೂ ನಲವತ್ತೆರಡಕ್ಕೆ, ನಿಮ್ಮ ವಿವರ ತಲುಪಿದೆ ಎಂದು ಪರದೆಯ ಮೇಲೆ ಬಂತು. ನಾನು ಮೇಡಂ ಕೈ ಹಿಡಿದು ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ.

ಹೊರಗೆ ಬಂದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಳು. ಏಳು, ಯಂತ್ರ ಉಳೀತಲ್ಲ, ಇನ್ನೇನು ಎಂದೆ. ಸಾಲದ್ದಕ್ಕೆ ನನ್ನ ಬಾಯಿ ಸುಮ್ಮನಿರಬೇಕಲ್ಲ, ಎಲ್ಲ ಅಪ್ಪನಿಂದ ಬಂದ ರೋಗ, ಕಾಗದ ಓದದೆ ಮನೆ ಹಾಳು ಮಾಡಿದರು ಎಂದೆ. ಅಲ್ಲಿ ತುಳಿಯಲು ಅವಳಿಗೆ ಯಂತ್ರ ಇರಲಿಲ್ಲ.

"ಅಪ್ಪ ಓದ್ಸೋಕೆ ನನ್ನ ಹತ್ರ ತಂದಿದ್ರು ಕಣೇ. ಸ್ಕೂಲಿಗೆ ಹೋಗ್ತಿದ್ದೋಳು ನಾನೊಬ್ಬಳೇ ತಾನೆ. ಮೇಲುಗಡೆ ಕೆಂಪು ಅಕ್ಷರ ನೋಡಿ ಹೆದರ್ಕೊಂಡುಬಿಟ್ಟೆ. ಅರ್ಥ ಆಗಲ್ಲ ಅಪ್ಪ ಅಂತ ವಾಪಸ್ ಕೊಟ್ಟೆ. ಓದೇ ಇರಲಿಲ್ಲ."

ಹಾಗೆಂದು ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು. ಅವತ್ತು ಬೆಳಿಗ್ಗೆಯಿಂದ ಅದು ಕತ್ತಿನಲ್ಲೇ ಇತ್ತು, ಇಬ್ಬರೂ ಗಮನಿಸಿರಲಿಲ್ಲ.

"ಅದ್ರಲ್ಲೂ ಕೊನೇಗೆ ಹಿಂಗೇ ಒಂದು ಸಾಲು ಇತ್ತೇನೋ" ಎಂದಳು.

ಇತ್ತೋ ಇಲ್ಲವೋ, ಅಮ್ಮ ಅದನ್ನು ಒಲೆಗೆ ಹಾಕಿ ಮೂವತ್ತೆಂಟು ವರ್ಷವಾಯಿತು. ಪಕ್ಕದಲ್ಲಿ ಕೂತೆ. ಮೇಡಂ ಬೀಗ ಹಾಕಿಕೊಂಡು ನಮ್ಮನ್ನು ದಾಟಿ ಹೋಗುವವರೆಗೂ ಕೂತೇ ಇದ್ದೆವು.